ಸ್ತೋತ್ರ ಸಿಗದ ಭಾನುವಾರ

ಹನ್ನೊಂದು ವರ್ಷಗಳ ಹಿಂದೆ, ಹಾಸಿಗೆ ಹಿಡಿದ ತಾಯಿಯ ಕೈಯಲ್ಲಿ ಕೈಯಿಟ್ಟು ದರ್ಜಿಯಮ್ಮ ಮಾತು ಕೊಟ್ಟಿದ್ದಳು: ಪ್ರತಿ ಭಾನುವಾರ ಚರ್ಚಿನ ಸಭೆಯಲ್ಲಿ ಎದ್ದು ನಿಂತು ದೇವರು ಮಾಡಿದ ಒಂದು ಉಪಕಾರಕ್ಕೆ ಸ್ತೋತ್ರ ಹೇಳುತ್ತೇನೆ, ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳುವುದಿಲ್ಲ. "ಹಳೇ ಸ್ತೋತ್ರ ಅಂದ್ರೆ ತಂಗಳು ಬಡಿಸಿದ ಹಾಗೆ ಕಣೇ," ಎಂದಿದ್ದಳು ತಾಯಿ.

ಅವಳು ಮರೆತರೂ ಮರೆಯಲು ಬಿಡದವರೊಬ್ಬರು ಸಭೆಯಲ್ಲಿದ್ದರು. ಚರ್ಚಿನ ಗಂಟೆ ಬಾರಿಸುವ ಮುದುಕರು. ಯಾರು ಯಾವ ವರ್ಷ ಏನು ಸ್ತೋತ್ರ ಹೇಳಿದರೆಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಎಲ್ಲರಿಗೂ ಅವರು ರಿಜಿಸ್ಟರ್ ಅಜ್ಜ.

ಈ ಭಾನುವಾರ ಬೆಂಚಿನ ಮೇಲೆ ಅವಳಿಗೆ ಮುಳ್ಳಿನ ಮೇಲೆ ಕೂತಂತಾಗಿತ್ತು. ಪಕ್ಕದಲ್ಲಿ ಗಂಡ, ಎರಡೂ ಕಣ್ಣಿಗೆ ಬಿಳಿ ಪಟ್ಟಿ. ವಾರದ ಹಿಂದೆ ಕೆಲಸದ ನಡುವೆ, ಬೆಸುಗೆ ಸರಿಯಾಗಿ ಕೂತಿದೆಯೇ ನೋಡೋಣವೆಂದು ವೆಲ್ಡಿಂಗ್ ಮುಖವಾಡ ಎತ್ತಿದ್ದ. ಅದೇ ಹೊತ್ತಿಗೆ ಪಕ್ಕದವನ ಗ್ರೈಂಡರ್‌ನಿಂದ ಕಾದ ಚೂರುಗಳು ಸಿಡಿದಿದ್ದವು. ಪಟ್ಟಿ ಬಿಚ್ಚುವುದು ನಾಳೆ. ದೃಷ್ಟಿ ಉಳಿದಿದೆಯೋ ಇಲ್ಲವೋ, ಬಿಚ್ಚಿದ ಮೇಲಷ್ಟೇ ಗೊತ್ತಾಗುವುದು ಎಂದಿದ್ದರು ಡಾಕ್ಟರು.

ವಾರವಿಡೀ ಹೊಲಿಗೆ ಯಂತ್ರ ತುಳಿಯುತ್ತಲೇ ಸ್ತೋತ್ರ ಹುಡುಕಿದ್ದಳು. ನಲ್ಲಿಯಲ್ಲಿ ನೀರು ಬಂದದ್ದು? ಹೇಳಿಯಾಗಿದೆ. ಮುರಿದ ಸೂಜಿ ಬೆರಳಿಗೆ ಚುಚ್ಚದೆ ಹೋದದ್ದು? ಅದೂ ಎರಡು ವರ್ಷದ ಹಿಂದೆ. ಯೋಚನೆಯಲ್ಲೇ ಅಂಗಿಯ ತೋಳನ್ನು ತಿರುವುಮುರುವಾಗಿ ಹೊಲಿದು, ಬಿಚ್ಚಿ, ಮತ್ತೆ ಹಾಗೆಯೇ ಹೊಲಿದಿದ್ದಳು.

ಜನ ಒಬ್ಬೊಬ್ಬರಾಗಿ ಎದ್ದರು. ಒಬ್ಬಳ ಮಗಳು ಪಾಸಾಗಿದ್ದಳು. ಇನ್ನೊಬ್ಬರಿಗೆ ಜ್ವರ ಬಿಟ್ಟಿತ್ತು. ದರ್ಜಿಯಮ್ಮ ಕರವಸ್ತ್ರದ ಅಂಚಿನಿಂದ ಒಂದೊಂದೇ ನೂಲು ಕೀಳುತ್ತಿದ್ದಳು.

ಗಂಡ ಮೊಣಕೈಯಿಂದ ತಿವಿದ. "ಎಷ್ಟು ಮಿಸುಕಾಡ್ತೀಯೇ? ಬೆಂಚು ಕುಣೀತಿದೆ."

"ರೀ, ಏನೂ ಸಿಗ್ತಿಲ್ಲ."

"ಗಂಡ ಒಂದು ವಾರದಿಂದ ಅಡುಗೆಗೆ ಹೆಸರಿಟ್ಟಿಲ್ಲ ಅನ್ನು. ಏನು ಬಡಿಸಿದ್ರೂ ಕಾಣಲ್ವಲ್ಲ."

"ಅದೂ ಆಗಿದೆ. ನಿಮ್ಗೆ ಗಂಟಲು ಕಟ್ಟಿತ್ತಲ್ಲ, ಆಗ."

ಅವನು ನಗುತ್ತಲೇ ತಡಕಾಡಿ ಅವಳ ಕೈ ಹಿಡಿದ.

"ಇನ್ನು ಯಾರಾದರೂ ಇದ್ದೀರಾ?" ಎಂದರು ಪಾಸ್ಟರು. ಕತ್ತುಗಳೆಲ್ಲ ಇತ್ತ ತಿರುಗಿದವು. ಅವಳು ಎದ್ದಳು.

"ಕರ್ತನೇ, ಎಷ್ಟು ಹುಡುಕಿದ್ರೂ ಸ್ತೋತ್ರ ಸಿಗ್ಲಿಲ್ಲ. ನಾಳೆ ಇವ್ರ ಕಣ್ಣಿನ ಪಟ್ಟಿ ಬಿಚ್ತಾರೆ. ನಂಗೆ ಹೆದರಿಕೆ. ನಿನ್ನ ಮೇಲೆ ಸಿಟ್ಟೂ ಇದೆ. ಆದ್ರೆ ನಿನ್ನ ಬಿಟ್ಟು ಇನ್ಯಾರ ಹತ್ರ ಹೋಗ್ಲಿ? ಅದಕ್ಕೇ ಬಂದೆ. ನಾಳೆ ನೀನೂ ನಮ್ಜೊತೆ ಬಾ."

ರಿಜಿಸ್ಟರ್ ಅಜ್ಜ ಕೋಲೂರಿ ಎದ್ದರು. ತಪ್ಪು ಹಿಡಿಯುತ್ತಾರೆ ಎಂದುಕೊಂಡಳು ಅವಳು.

"ಇದನ್ನ ಈ ಸಭೆಯಲ್ಲಿ ಇದುವರೆಗೂ ಯಾರೂ ಹೇಳಿಲ್ಲ," ಎಂದರು ಅಜ್ಜ. "ಹೇಳ್ಬೇಕಾಗಿದ್ದೋರು ಬೇಕಾದಷ್ಟು ಜನ ಇದ್ವಿ." ಆಮೇಲೆ ಅವಳತ್ತ ತಿರುಗಿ ಕೇಳಿದರು, "ನಾಳೆ ಎಷ್ಟು ಗಂಟೆಗೆ ತಾಯಿ?"

"ಒಂಬತ್ತಕ್ಕೆ."

"ಬರ್ತೀನಿ."

"ನಾನೂ," ಎಂದಳು ಹಿಂದಿನ ಬೆಂಚಿನಿಂದ ಪಾಸಾದವಳ ತಾಯಿ.

ದರ್ಜಿಯಮ್ಮ ಕುಳಿತಳು. ನಾಳೆ ಆಸ್ಪತ್ರೆಯ ಮೆಟ್ಟಿಲು ಹತ್ತಬಹುದು ಎನ್ನಿಸಿತು.

"ಸ್ತೋತ್ರ ಹೇಳ್ಲಿಲ್ಲ ಅಂತ ನಿಮ್ಮಮ್ಮ ಬೈತಾರೆ ಕಣೇ," ಎಂದ ಗಂಡ ಪಿಸುಗುಟ್ಟುತ್ತ.

"ಬೈಲಿ ಬಿಡಿ."

ಹನ್ನೊಂದು ವರ್ಷ ನಡೆಸಿಕೊಂಡು ಬಂದ ಮಾತಿಗೆ ಅವಳು ಅಂದು ತಪ್ಪಿದಳು.