ನೆತ್ತಿತೊಲೆಯ ಮೇಲಿನ ಹೆಸರು

ಮೊಳೆ ಹೊಡೆಯುವ ಯಂತ್ರದ ಗಾಳಿಯ ಒತ್ತಡವನ್ನು ಚಿಗುಸಾ ಬೇಕೆಂದೇ ಏರಿಸಿದಳು. ಮೊಳೆಯ ತಲೆ ಪ್ಲೈವುಡ್ಡಿನ ಮೈಗೆ ಸಮನಾಗಿ ನಿಲ್ಲಬೇಕು. ಒಳಗೆ ಹೂತರೆ ಮೇಲ್ಪದರ ಹರಿಯುತ್ತದೆ. ನೆಲ ನಡುಗಿದ ದಿನ ಹಲಗೆ ಕಂಬವನ್ನು ಬಿಟ್ಟು ಕಳಚಿಕೊಳ್ಳುತ್ತದೆ. ಗೋಡೆಗೆ ಹೊದಿಕೆ ಬಿದ್ದಮೇಲೆ ಈ ತಪ್ಪು ಯಾರ ಕಣ್ಣಿಗೂ ಕಾಣದು.

ಅವಳು ಕಟ್ಟುತ್ತಿದ್ದ ಮನೆ ಇವಾಗಾಕಿಯದು. ಕುಮಾಮೊತೊ ಊರಿನ ಸುತ್ತಮುತ್ತ ಬಾಡಿಗೆ ಮನೆಗಳನ್ನು ಕಟ್ಟಿ ಬೆಳೆದ ಗುತ್ತಿಗೆದಾರ. ಅಂಥದೊಂದರಲ್ಲಿ ಚಿಗುಸಾಳ ತಮ್ಮ ತೊಮೊಹಿಸಾ ಇದ್ದ. ಮೊದಲ ಭೂಕಂಪಕ್ಕೆ ಮನೆ ನಿಂತಿತಲ್ಲ ಎಂದು ನಂಬಿ ಮರಳಿ ಮಲಗಿದವನ ಮೇಲೆ, ಎರಡನೆಯದಕ್ಕೆ ಮಾಡು ಕುಸಿಯಿತು. ಬಿದ್ದ ಆ ಮನೆಯನ್ನು ಬಿಚ್ಚಿ ತೆಗೆದ ಬಡಗಿಗಳಲ್ಲಿ ಅವಳೂ ಒಬ್ಬಳು. ಗೋಡೆಯೊಳಗೆ ಇರಬೇಕಾದ ಓರೆ ಆಸರೆಗಳು ಇರಲೇ ಇಲ್ಲ. ಇವಾಗಾಕಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಮದುವೆಯಿಂದ ಮನೆತನದ ಹೆಸರು ಬದಲಾಗಿದ್ದ ಅವಳನ್ನು, ಯಾರೆಂದು ತಿಳಿಯದೆ, ಅವನೇ ಮೇಸ್ತ್ರಿಯಾಗಿ ಕರೆಸಿದ್ದ.

"ನನ್ನ ಮನೇಲಿ ಏನೂ ಕಮ್ಮಿ ಮಾಡ್ಬೇಡ ಮೇಸ್ತ್ರಿಯಮ್ಮ," ಎಂದು ಅವನು, ಪದರಪದರವಾಗಿ ಅಂಟಿಸಿ ಒತ್ತಿದ ತೊಲೆಯನ್ನು ಹಸುವಿನ ಬೆನ್ನಿನಂತೆ ತಟ್ಟಿದ. "ಭೂಮಿ ಕುಣಿದ್ರೂ ನಾನು ಗೊರಕೆ ಹೊಡೀತಿರ್ಬೇಕು."

"ಬಾಡಿಗೆಯವರಿಗೂ ಹಿಂಗೇ ಕಟ್ತಿದ್ರಾ?"

"ಅಯ್ಯೋ, ಬಾಡಿಗೆಯವರು ಇವತ್ತಿರ್ತಾರೆ, ನಾಳೆ ಹೋಗ್ತಾರೆ!" ಅವನು ನಕ್ಕ.

ಆ ನಗು ಮುಗಿಯುವ ಮೊದಲೇ ಮತ್ತಷ್ಟು ಮೊಳೆಗಳು ಹೂತುಹೋದವು.

ಜೊತೆಯ ಹಿರಿಯ ಬಡಗಿ ಮಿತ್ಸುಜುಕಾ ಹಲಗೆಯ ಮೇಲೆ ಹೆಬ್ಬೆರಳಾಡಿಸಿದ. "ಏನಮ್ಮ ಇದು? ಗೋಡೆ ಕಟ್ತಿದೀಯೋ, ಬಿಸ್ಕತ್ತು ಜೋಡಿಸ್ತಿದೀಯೋ?"

"ನನ್ನ ತಮ್ಮನ್ನ ಕೊಂದವನು ಇವನು, ಮಾಮ."

ಮುದುಕ ಹೂತ ಮೊಳೆಯೊಂದನ್ನು ಉಗುರಿನಿಂದ ಕೆರೆದ. "ಮನೆ ಬಿದ್ರೆ ಇವನು ನಿದ್ದೇಲೇ ಹೋಗ್ತಾನೆ. ಊರೆಲ್ಲಾ ಅಯ್ಯೋ ಪಾಪ ಅಂತದೆ. ಅಷ್ಟಕ್ಕೇ ಬಿಟ್ಬಿಡ್ತೀಯಾ?"

ಆ ಮಾತು ಅವಳೊಳಗೆ ಇಳಿಯಿತು, ಇಳಿದು ಕುದಿಯಿತು. ಅಷ್ಟು ಸುಲಭದ ಸಾವು ಅವನಿಗೇಕೆ? ಹಲಗೆಗಳನ್ನೆಲ್ಲ ಕಿತ್ತಳು. ಹೊಸವನ್ನು ತರಿಸಿ, ಒತ್ತಡ ಇಳಿಸಿ, ಒಂದೊಂದು ಮೊಳೆಯ ತಲೆಯನ್ನೂ ಮುಟ್ಟಿ ನೋಡಿ ಹೊಡೆದಳು.

ಇವಾಗಾಕಿ ಕಾಯುತ್ತಿದ್ದ ಒಳ್ಳೆಯ ದಿನ ಬಂತು. ಮನೆಯ ಯಜಮಾನನ ಹೆಸರು, ಕಟ್ಟಿದವರ ಹೆಸರು ಬರೆದ ಹಲಗೆಯನ್ನು ಮಾಡಿನ ತುದಿಯ ನೆತ್ತಿತೊಲೆಗೆ ಏರಿಸುವ ದಿನ. ವಾಡಿಕೆಯಂತೆ ಮೇಲಿನಿಂದ ಎರಚುವ ಅಕ್ಕಿ ಉಂಡೆ ಹಿಡಿಯಲು ಕೇರಿಯೇ ಕೆಳಗೆ ನೆರೆದಿತ್ತು. ಅಟ್ಟಣೆಯ ಮೇಲೆ ಬುಟ್ಟಿ ಹಿಡಿದು ಎರಚುತ್ತಿದ್ದ ಇವಾಗಾಕಿಯ ಪಕ್ಕದಲ್ಲೇ ಚಿಗುಸಾ ಹಲಗೆಯನ್ನು ಬಡಿದು ಕೂರಿಸಿದಳು. ಅವನು ತಿರುಗಿ ಓದಿದ.

"ನನ್ನ ಹೆಸರಿನ ಪಕ್ಕ ಇದ್ಯಾರು? ತೊಮೊಹಿಸಾ ಅಂದ್ರೆ ಯಾರು?"

"ನನ್ನ ತಮ್ಮ," ಎಂದಳು ಕೆಳಗಿನವರಿಗೂ ಕೇಳುವಂತೆ. "ನೀವು ಕಟ್ಟಿದ ಮನೇಲಿ ಸತ್ತ. ಗೋಡೆಯೊಳಗೆ ಆಸರೆ ಹಾಕೋದು ಮರೆತಿದ್ರಲ್ಲ, ಆ ಮನೆ."

ಉಂಡೆ ಹಿಡಿಯಲು ಚಾಚಿದ್ದ ಕೈಗಳು ಕೆಳಗಿಳಿದವು.

"ಕಿತ್ತು ಹಾಕು ಅದನ್ನ!" ಇವಾಗಾಕಿ ಕಿರುಚಿದ.

"ಏರಿಸಿದ ಹಲಗೆ ಇಳಿಸ್ತಾರಾ ಯಾರಾದ್ರೂ?" ಕೆಳಗಿನಿಂದ ಒಬ್ಬ ಮುದುಕಿ ಕೂಗಿದಳು. "ಅದನ್ನ ಮುಟ್ಟಿದ್ರೆ ಮನೆಗೇ ಕೇಡು. ಬೇಕಿದ್ರೆ ನೀನೇ ಕಿತ್ಕೋ, ಇವಾಗಾಕಿ!"

ಅವನ ಕೈ ಮೇಲೆದ್ದಿತು. ಹಲಗೆಯ ಹತ್ತಿರ ಹೋಗಿ, ಮುಟ್ಟಲಾರದೆ ನಿಂತಿತು.

"ಹೆದರ್ಬೇಡಿ," ಎಂದಳು ಚಿಗುಸಾ ಮೆಲ್ಲಗೆ. "ಗೋಡೆ ಗಟ್ಟಿಯಾಗಿದೆ. ಎಷ್ಟು ನಡುಗಿದ್ರೂ ಈ ಮನೆ ಬೀಳಲ್ಲ. ನೀವು ಬಹಳ ವರ್ಷ ಬದುಕಿ ಇವನ ಹೆಸರಿನ ಕೆಳಗೇ ಮಲಗ್ಬೇಕು."

ಅವಳು ಏಣಿ ಇಳಿದಳು. ಕೆಳಗೆ ಜನ ಹಿಡಿದಿದ್ದ ಉಂಡೆಗಳನ್ನು ಒಬ್ಬೊಬ್ಬರಾಗಿ ತಂದು, ಇವನದು ನಮಗೆ ಬೇಡವೆಂಬಂತೆ ಇವಾಗಾಕಿಯ ಹೊಸ್ತಿಲ ಮೇಲಿಟ್ಟು ಮನೆಗೆ ಹೊರಟರು.