ಪೈಪಿಗೆ ಖಂಡೇ ಪೂಜೆ

ಹನ್ನೊಂದು ದಿನದಿಂದ ಸತ್ಯವತಿಯ ಗಂಟಲಲ್ಲಿ ಒಂದು ಮಾತು ಸಿಕ್ಕಿಕೊಂಡಿತ್ತು. ಭಾನುವಾರ ಬೆಳಿಗ್ಗೆ ಗಂಡ ಶರಣಬಸಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಿಕ್ಕದೊಂದು ಮರದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಾಗಲೂ ಅದು ಹೊರಗೆ ಬರಲಿಲ್ಲ.

"ನೀನೂ ಬರ್ತೀಯೇನು? ಅಲ್ಲಿ ಬರೇ ಪೈಪ್ ಕೂಡಿಡೋ ಮುದುಕರಿರ್ತಾರ," ಎಂದ.

"ಇರ್ಲಿ ಬಿಡ್ರಿ. ನಾನೇನ್ ಹರೇದ ಹುಡುಗೀನ?" ಎಂದು ಚಪ್ಪಲಿ ಮೆಟ್ಟಿದಳು.

ಪೆಟ್ಟಿಗೆಯಲ್ಲಿದ್ದದ್ದು ಎದುರು ಮನೆಯ ಲಿಮ್ ಅವರ ತಂಬಾಕಿನ ಪೈಪ್. ಚೋವಾ ಚು ಕಾಂಗ್‌ನ ಆ ಬ್ಲಾಕಿನ ಒಂಬತ್ತನೇ ಮಹಡಿಯಲ್ಲಿ ಹದಿನಾರು ವರ್ಷ ಎದುರುಬದುರು ಬಾಗಿಲಿನ ನೆರೆ. ಲಿಮ್ ಗಡಿಯಾರ ರಿಪೇರಿ ಮಾಡುತ್ತಿದ್ದವರು, ಶರಣಬಸಪ್ಪ ಸಾಫ್ಟ್‌ವೇರ್‌ನವನು. ಒಬ್ಬರು ಸೇದುವವರು, ಇನ್ನೊಬ್ಬ ಪಕ್ಕದಲ್ಲಿ ಸುಮ್ಮನೆ ನಿಲ್ಲುವವನು. ಹೋದ ವರ್ಷ ಕಟ್ಟಡದ ಕೆಳಗಿನ ತೆರೆದ ಖಾಲಿ ಜಾಗ, void deckನಲ್ಲಿ ಸೇದಬಾರದೆಂದು ಕಾನೂನು ಬಂದ ಮೇಲೆ ಲಿಮ್ ತಮ್ಮ ಪ್ಲಾಸ್ಟಿಕ್ ಸ್ಟೂಲನ್ನು ಕಾಲುವೆಯ ಬದಿಗೆ ಸಾಗಿಸಿದರು. ಶರಣಬಸಪ್ಪನೂ ಅಲ್ಲಿಗೇ ಹೋಗಿ ನಿಲ್ಲತೊಡಗಿದ.

ಆ ಪೈಪಿನ ತಂಬಾಕು ತುಂಬುವ ಬುಡ ಗಡ್ಡದ ಮುದುಕನೊಬ್ಬನ ತಲೆಯಂತೆ ಕೆತ್ತಿದ್ದು. ಮೆತ್ತಗಿನ ಬಿಳಿ ಕಲ್ಲು, ಹೊಗೆ ಕುಡಿದಷ್ಟೂ ಬಣ್ಣ ಏರುತ್ತದೆಯಂತೆ. ಲಿಮ್ ಹದಿನೆಂಟು ವರ್ಷ ಸೇದಿ ಅದನ್ನು ಕಾಕಂಬಿಯ ಬಣ್ಣಕ್ಕೆ ತಂದಿದ್ದರು. ಬೆರಳಿನ ಜಿಡ್ಡು ತಾಗಿದರೂ ಕಲೆಯಾಗುತ್ತದೆಂದು ಬಟ್ಟೆಯಲ್ಲಿ ಹಿಡಿದೇ ಸೇದುತ್ತಿದ್ದರು. ಜೂನ್‌ನಲ್ಲಿ ಶ್ವಾಸಕೋಶದ ರೋಗದಿಂದ ಹೋಗುವ ಮುಂಚೆ ಆಸ್ಪತ್ರೆಯಲ್ಲಿ ಶರಣಬಸಪ್ಪನ ಕೈಗೆ ಪೆಟ್ಟಿಗೆ ಕೊಟ್ಟು, "ಈ ವರ್ಷದ ಪೈಪ್ ಶೋನಲ್ಲಿ ನನ್ನ ಜಾಗದಲ್ಲಿ ಇದನ್ನು ಇಡು," ಎಂದಿದ್ದರು.

ಮಹಾನವಮಿ ಬಂತು. ಊರಿನಲ್ಲಾದರೆ ಖಂಡೇ ಪೂಜೆಗೆ ಕುಡಗೋಲು, ಕುರಪಿ, ಎಲ್ಲವೂ ದೇವರ ಮುಂದೆ ಸಾಲಾಗಿ ಕೂರುತ್ತಿದ್ದವು. ಇಲ್ಲಿ ಸತ್ಯವತಿ ಲ್ಯಾಪ್‌ಟಾಪ್, ಮಿಕ್ಸರ್, ಈಳಿಗೆ, ಗಂಡನ ಆಫೀಸಿನ ಕಾರ್ಡು ಇಟ್ಟಳು. ಕಪಾಟಿನಲ್ಲಿ ಪೈಪ್ ಕಂಡಿತು. ಒಬ್ಬ ಮನುಷ್ಯ ಹದಿನೆಂಟು ವರ್ಷ ಕೈಯಲ್ಲಿ ಹಿಡಿದ ವಸ್ತು. ಅದನ್ನು ಬಿಟ್ಟು ಪೂಜೆ ಮಾಡಲು ಮನಸ್ಸಾಗಲಿಲ್ಲ. ಅದರ ಮೇಲಿನ ಮುದುಕನ ಹಣೆಗೆ ಮೂರು ಬೆರಳು ವಿಭೂತಿ ಎಳೆದು ನಡುವೆ ಕುಂಕುಮವಿಟ್ಟಳು. ಹಿಂದಿನ ವರ್ಷ ಒಣ ಕುಂಕುಮ ಉದುರಿ ಲ್ಯಾಪ್‌ಟಾಪಿನ ಸಂದಿ ಸೇರಿ ಗಂಡ ಕೂಗಾಡಿದ್ದರಿಂದ, ಈ ಸಲ ಜಾಣತನ ಮಾಡಿ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿದ್ದಳು.

ಮರುದಿನ ಒರೆಸಿದರೆ ವಿಭೂತಿ ಹೋಯಿತು. ಕುಂಕುಮ ಹೋಗಲಿಲ್ಲ. ಕಲ್ಲು ಎಣ್ಣೆಯನ್ನು ಕುಡಿದು, ಎಣ್ಣೆಯ ಜೊತೆ ಬಣ್ಣವನ್ನೂ ಕುಡಿದುಬಿಟ್ಟಿತ್ತು. ಹತ್ತಿ, ಕಡಲೆಹಿಟ್ಟು, ನಿಂಬೆಹಣ್ಣಿನ ಸಿಪ್ಪೆ, ಏನು ಹಚ್ಚಿದರೂ ಜಪ್ಪಯ್ಯ ಅನ್ನಲಿಲ್ಲ.

ಚೋವಾ ಚು ಕಾಂಗ್‌ನಿಂದ ಜುರಾಂಗ್ ಈಸ್ಟ್‌ಗೆ MRT ರೈಲಿನಲ್ಲಿ ಮೂರೇ ಸ್ಟೇಷನ್. ಶರಣಬಸಪ್ಪ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಏನು ಹೇಳಬೇಕೆಂದು ಅಭ್ಯಾಸ ಮಾಡುತ್ತಿದ್ದ. "ಮಿಸೆಸ್ ಲಿಮ್ಮೂ ಬರ್ತಾಳಂತ. ಪಾಪ, ನಾಕ್ ತಿಂಗಳಾತು, ಮಾರ್ಕೆಟ್ ಬಿಟ್ರ ಎಲ್ಲೂ ಹೋಗಿಲ್ಲ. ಇದನ್ನ ನೋಡಿ ಆಕಿಗೊಂಚೂರು ಸಮಾಧಾನ ಆಗಬೇಕು ನೋಡು."

ಎರಡನೇ ಸ್ಟೇಷನ್ ದಾಟಿತು.

"ಏನ್ರಿ, ಪೆಟಗಿ ತಗೀರಿ ಒಮ್ಮೆ," ಎಂದಳು ಸತ್ಯವತಿ.

ತೆಗೆದ. ನೋಡಿದ. ಕನ್ನಡಕ ಮೇಲೇರಿಸಿ ಇನ್ನೊಮ್ಮೆ ನೋಡಿದ. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

"ಹನ್ನೊಂದು ದಿವಸ!" ಎಂದ ಅವನು. "ಬಾಯಾಗೇನ್ ಅವಲಕ್ಕಿ ಇಟಗೊಂಡಿದ್ದ್ಯಾ?"

"ಅಂಜಿಕಿ ಆತ್ರಿ."

"ನನಗೇನ ಅಂಜತಿ ನೀ? ಯಾವತ್ತರ ಅಂಜಿದ್ದು ಅದ ಏನು?"

"ನಿಮಗಲ್ಲ. ಆಕಿಗೆ."

ಜುರಾಂಗ್ ಈಸ್ಟ್‌ನಲ್ಲಿ ಇಳಿದವನೇ ಶರಣಬಸಪ್ಪ ಎದುರಿನ ಪ್ಲಾಟ್‌ಫಾರ್ಮಿನತ್ತ ಹೊರಳಿದ. ಮನೆಗೆ ಹೋಗೋಣ, ಜ್ವರ ಬಂತೆಂದು ಮೆಸೇಜ್ ಹಾಕುತ್ತೇನೆ ಎಂದ. ಸತ್ಯವತಿ ಅವನ ಅಂಗಿಯ ತೋಳು ಹಿಡಿದು ನಿಲ್ಲಿಸಿದಳು.

"ಸತ್ತವರಿಗೆ ಮಾತು ಕೊಟ್ಟೀರಿ. ನಡೀರಿ. ಹೇಳೋದು ನಾ ಹೇಳ್ತೀನಿ."

"ಇಂಗ್ಲಿಷಿನಾಗ?"

"ಮತ್ತ್ಯಾವುದರಾಗ? ಬಂದಷ್ಟರಾಗ."

ಶೋ ನಡೆಯುತ್ತಿದ್ದದ್ದು ಸ್ಟೇಷನ್ನಿನ ಹತ್ತಿರದ ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ. ಮೇಜುಗಳ ಮೇಲೆ ಹಸಿರು ಬಟ್ಟೆ, ಅದರ ಮೇಲೆ ನೂರಾರು ಪೈಪು: ಮರದವು, ಮಣ್ಣಿನವು, ಕೊಂಬಿನವು, ಹೆಬ್ಬೆರಳಿನಷ್ಟು ಗಿಡ್ಡವು, ಮೊಳದುದ್ದದವು. ಒಳಗೆ ಸೇದುವಂತಿಲ್ಲ. ಆದರೂ ಮುದುಕರೆಲ್ಲ ಬೆಂಕಿಯಿಲ್ಲದ ಖಾಲಿ ಪೈಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಹೊಗೆ ಬಿಟ್ಟಂತೆಯೇ ಕಣ್ಣು ಕಿರಿದು ಮಾಡಿ ಮಾತಾಡುತ್ತಿದ್ದರು. ಹಾಲಿಲ್ಲದ ಬಾಟಲಿ ಚೀಪುವ ಕೂಸುಗಳ ಹಾಗೆ ಕಂಡು ಸತ್ಯವತಿಗೆ ಅಂಥ ಹೊತ್ತಿನಲ್ಲೂ ನಗು ಬಂತು.

ಪೈಪ್ ಕ್ಲಬ್ಬಿನ ಹಿರಿಯ ತಾನ್ ಎಂಬುವವರು ಒಂದು ಮೇಜಿನ ಕೊನೆಯಲ್ಲಿ ಮೊಳದಗಲ ಜಾಗ ತೋರಿಸಿದರು. ಲಿಮ್ ಹೆಸರಿನ ಚೀಟಿ ಮೊದಲೇ ಅಂಟಿಸಿತ್ತು. ಶರಣಬಸಪ್ಪ ಪೆಟ್ಟಿಗೆ ತೆರೆದ. ತಾನ್ ಭೂತಕನ್ನಡಿ ಹಿಡಿದು ಬಾಗಿದರು. ಕೆನ್ನೆ, ಗಡ್ಡ, ಕತ್ತು ನೋಡುತ್ತ "ವಾಹ್" ಎಂದವರು ಹಣೆಗೆ ಬಂದು ನಿಂತುಬಿಟ್ಟರು.

"ಇದು ಒಳಗೆ ಇಳಿದಿದೆ. ಸಣ್ಣ ಉಜ್ಜುಕಾಗದದಲ್ಲಿ ತೆಗೆಯಬಹುದು. ಆದರೆ ಲಿಮ್‌ನ ಬಣ್ಣವೂ ಜೊತೆಗೆ ಹೋಗುತ್ತದೆ. ಹಣೆಯಲ್ಲಿ ಕಾಸಿನಗಲ ಬಿಳಿ ಉಳಿಯುತ್ತದೆ," ಎಂದು ಪಿಸುಗುಟ್ಟಿದರು.

ಅಷ್ಟರಲ್ಲಿ ಮಿಸೆಸ್ ಲಿಮ್ ಬಂದೇಬಿಟ್ಟರು. ಗಿಡ್ಡ ದೇಹ, ಕತ್ತರಿಸಿದ ಬಿಳಿಗೂದಲು, ಮಾರ್ಕೆಟ್ಟಿಗೆ ಒಯ್ಯುವ ಅದೇ ಚೀಲ. ಪೈಪಿನ ಮುಂದೆ ನಿಂತು ಬಹಳ ಹೊತ್ತು ನೋಡಿದರು.

"ಈ ಕೆಂಪು ಯಾರು ಹಾಕಿದ್ದು?"

ಶರಣಬಸಪ್ಪ ಬಾಯಿ ತೆರೆದ. ಸತ್ಯವತಿ ಮುಂದೆ ಬಂದಳು.

"ನಾನು, ಆಂಟಿ. ಐ ಡೂ," ಎಂದಳು. ಕಾಯಿಪಲ್ಲೆ ಕೊಳ್ಳುವಷ್ಟೇ ಇದ್ದ ತನ್ನ ಇಂಗ್ಲಿಷನ್ನು ಒಂದೊಂದೇ ಕಲ್ಲು ಜೋಡಿಸಿದಂತೆ ಜೋಡಿಸಿದಳು. ನಮ್ಮಲ್ಲಿ ವರ್ಷಕ್ಕೊಂದು ದಿನ ಕೈಯಲ್ಲಿ ಹಿಡಿದು ಬಾಳುವೆ ಮಾಡಿದ ವಸ್ತುಗಳಿಗೆ ನಮಸ್ಕಾರ ಮಾಡುತ್ತೇವೆ; ಅಂಕಲ್‌ರ ಕೈಯಲ್ಲಿದ್ದದ್ದು ಇದು; ಒರೆಸಿದೆ, ಹೋಗಲಿಲ್ಲ; ತಪ್ಪು ನನ್ನದು, ನನ್ನ ಗಂಡನದಲ್ಲ.

ಮಿಸೆಸ್ ಲಿಮ್ ಅವರ ಮುಖ ಗಟ್ಟಿಯಾಯಿತು. "ಇದೇ ಅವರನ್ನು ಕೊಂದದ್ದು. ನೀನು ಇದಕ್ಕೆ ಕೈ ಮುಗಿದೆಯಾ?"

ಸುತ್ತಲಿನ ಮುದುಕರು ಬಾಯಿಂದ ಪೈಪ್ ತೆಗೆದರು. ಸತ್ಯವತಿ ತಲೆ ತಗ್ಗಿಸಲಿಲ್ಲ. ಮದುವೆಯಾಗಿ ಬಂದ ವರ್ಷ ಕುಡಗೋಲು ತಾಗಿದ ಗುರುತು ಎಡಗೈಯ ಕಿರುಬೆರಳ ಮೇಲಿತ್ತು. ಅದನ್ನೇ ತೋರಿಸಿದಳು.

"ಇದನ್ನು ಕೊಯ್ದದ್ದಕ್ಕೂ ಪೂಜೆ ಮಾಡಿದ್ದೆ, ಆಂಟಿ. ಅದೇ ವರ್ಷ. ಒಳ್ಳೇದು ಮಾಡಿತೆಂದಲ್ಲ. ನಮ್ಮ ಮನೆಯದು ಅಂತ."

ಮಿಸೆಸ್ ಲಿಮ್ ಆ ಬೆರಳನ್ನು ಹಿಡಿದು ಗುರುತು ನೋಡಿದರು. ಆಮೇಲೆ ತಾವೇ ಹೆಬ್ಬೆರಳಿಗೆ ಎಂಜಲು ಹಚ್ಚಿ, ಮಕ್ಕಳ ಮುಖ ಒರೆಸುವಂತೆ ಪೈಪಿನ ಮುದುಕನ ಹಣೆ ಉಜ್ಜಿದರು. ತಾನ್ "ಅಯ್ಯೋ, ಬರಿಗೈ" ಎಂದು ಮುಂದೆ ಬಂದರು.

"ಸುಮ್ಮನಿರು ಲಾ! ಹದಿನೆಂಟು ವರ್ಷ ಇದನ್ನು ಮುಟ್ಟಲು ಬಿಡಲಿಲ್ಲ ಆ ಮನುಷ್ಯ. ಧೂಳು ಹೊಡೆಯಲೂ ಬಿಡಲಿಲ್ಲ. ನನಗಿಂತ ಮೊದಲು ಇವಳು ಮುಟ್ಟಿದ್ದಾಳೆ ನೋಡು!" ಎಂದು ಇಡೀ ಅಂಗೈಯಲ್ಲಿ ಪೈಪಿನ ತಲೆಯನ್ನು ಮುಚ್ಚಿ ಹಿಡಿದರು. ಹಿಡಿದೇ ಇದ್ದರು. ಕಣ್ಣಿನಿಂದ ನೀರು ಇಳಿದು ಗಲ್ಲದ ತುದಿಯಲ್ಲಿ ನಿಂತಿತು. ಸತ್ಯವತಿ ಸೆರಗಿನ ತುದಿ ಚಾಚಿದಳು. ಅವರು ಅದರಲ್ಲೇ ಒರೆಸಿಕೊಂಡರು.

"ಉಜ್ಜಿ ತೆಗೆಯಲೇ?" ಎಂದು ತಾನ್ ಮೆಲ್ಲಗೆ ಕೇಳಿದರು.

"ಬೇಡ. ಅವರ ಹೊಗೆ ಹೋಗುತ್ತದೆ. ಇರಲಿ." ಮಿಸೆಸ್ ಲಿಮ್ ಕುರ್ಚಿ ಎಳೆದು ಕೂತರು, ಪಕ್ಕದ ಕುರ್ಚಿಯನ್ನು ತಟ್ಟಿ ಸತ್ಯವತಿಯನ್ನೂ ಕೂರಿಸಿಕೊಂಡರು.

ಮಧ್ಯಾಹ್ನದವರೆಗೂ ಜನ ಬಂದರು. ಬಂದವರೆಲ್ಲ ಬಣ್ಣ ಹೊಗಳಿ, ಹಣೆಯತ್ತ ಬೆರಳು ತೋರಿಸಿದರು. ಮೊದಲನೆಯವನಿಗೆ ಮಿಸೆಸ್ ಲಿಮ್, ನನ್ನ ಗೆಳತಿ ಪೂಜೆ ಮಾಡಿದ್ದಾಳೆ ಎಂದರು. ಎರಡನೆಯವನಿಗೆ, ಇಂಡಿಯಾದಲ್ಲಿ ಇದು ಬಹಳ ದೊಡ್ಡವರಿಗೆ ಮಾತ್ರ ಇಡುವುದು ಎಂದರು. ನಾಲ್ಕನೆಯವನ ಹೊತ್ತಿಗೆ ದೇವಸ್ಥಾನದಿಂದ ಸ್ವಾಮಿಗಳೇ ಮನೆಗೆ ಬಂದು ಇಟ್ಟುಹೋಗಿದ್ದರು.

ಸತ್ಯವತಿಯ ಆಚೆ ಬದಿಗೆ ಕೂತಿದ್ದ ಶರಣಬಸಪ್ಪ ಮುಂದೆ ಬಗ್ಗಿ, "ಹಾಗಲ್ಲ ಮಿಸೆಸ್ ಲಿಮ್, ಅದು..." ಎಂದು ತಿದ್ದಲು ಹೋದ.

ಸತ್ಯವತಿ ಮೇಜಿನ ಕೆಳಗೆ ಅವನ ತೊಡೆ ಚಿವುಟಿದಳು.

"ಸುಮ್ನಿರ್ರಿ," ಎಂದಳು. "ಹೇಳ್ಲಿ ಆಕಿ. ನಾಕ್ ತಿಂಗಳಾತು ಆಕಿ ಇಷ್ಟು ಮಾತಾಡಿ."