ಅರ್ಧ ತುಂಬಿದ ಟ್ಯಾಂಕರು

ಅವಸರದಪ್ಪನಿಗೆ ಮಣ್ಣು ಮುಕ್ಕಿಸದೆ ಬಿಡುವುದಿಲ್ಲ ಎಂದು ಅಕ್ಕ ಹಲ್ಲು ಕಚ್ಚಿ ಕಾಯಲು ಹತ್ತಿ ನಾಲ್ಕು ತಿಂಗಳಾಗಿತ್ತು. ಅವಸರದಪ್ಪ ಎಂದರೆ ಹಾಲಿನ ಡಿಪೋದ ಮ್ಯಾನೇಜರ್. ಹೆತ್ತವರು ಇಟ್ಟ ಹೆಸರು ಬೇರೆ ಇದ್ದೀತು, ಡ್ರೈವರುಗಳು ಇಟ್ಟದ್ದು ಇದು. ಅಕ್ಕ ಅದೇ ಡಿಪೋದಲ್ಲಿ ಹದಿನೈದು ವರ್ಷದಿಂದ ಟ್ಯಾಂಕರು ಓಡಿಸುವವಳು. ಒಡಹುಟ್ಟಿದವನು ಒಬ್ಬನೇ ಆದರೂ ಡಿಪೋಗೆಲ್ಲ ಅವಳು ಅಕ್ಕನೇ.

ಆ ಒಬ್ಬ ತಮ್ಮ ಈಗ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ. ಹನಿ ಬೀಳುತ್ತಿದ್ದ ಒಂದು ಬೆಳಿಗ್ಗೆ ಅವನು ಸಿಗ್ನಲ್ಲಿನಲ್ಲಿ ಟ್ಯಾಂಕರು ನಿಲ್ಲಿಸಿದ್ದ. ನಿಂತ ಟ್ಯಾಂಕರು ಒಂದು ಉಸಿರಿನಷ್ಟು ಹೊತ್ತಿನ ನಂತರ ತಾನಾಗಿ ಮುಂದಕ್ಕೆ ಜಾರಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಪೋಸ್ಟ್‌ಮ್ಯಾನ್ ಒಬ್ಬನಿಗೆ ಬಡಿಯಿತು. ಆತ ಅಲ್ಲೇ ಪ್ರಾಣ ಬಿಟ್ಟ. ಚಾಲಕ ಬ್ರೇಕಿನಿಂದ ಕಾಲು ತೆಗೆದದ್ದೇ ಕಾರಣ ಎಂದು ವರದಿ ಬರೆದು ಅವಸರದಪ್ಪ ಕೈ ತೊಳೆದುಕೊಂಡ. ತಮ್ಮ ಮೊದಮೊದಲು ಕೂಗಾಡಿದ, ಆಣೆ ಇಟ್ಟ. ಯಾರೂ ನಂಬಲಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅವನಿಗೇ ಅನುಮಾನ ಹತ್ತಿತು.

"ತೆಗೆದಿದ್ನೇನೋ ಅಕ್ಕಾ. ಇಲ್ಲದಿದ್ರೆ ನಿಂತ ಗಾಡಿ ಹೇಗೆ ಹೋಗತ್ತೆ?"

ಅಕ್ಕನ ಹೊಟ್ಟೆಗೆ ಬೆಂಕಿ ಬಿದ್ದದ್ದು ಈ ಮಾತಿಗೆ. ಕೆಲಸ ಕಿತ್ತುಕೊಂಡದ್ದನ್ನು ಬೇಕಾದರೆ ಅವಳು ನುಂಗಿಕೊಳ್ಳುತ್ತಿದ್ದಳು. ಹುಡುಗನಿಗೆ ತನ್ನ ಕಾಲಿನ ಮೇಲೇ ನಂಬಿಕೆ ಹೋಗುವಂತೆ ಮಾಡಿದ್ದನ್ನು ನುಂಗಲಾಗಲಿಲ್ಲ.

ಗಾಡಿ ಹೇಗೆ ಹೋಯಿತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಸ್ಸು ಗಕ್ಕನೆ ನಿಂತರೆ ಒಳಗಿನ ಜನ ಮುಂದಕ್ಕೆ ಮುಗ್ಗರಿಸುತ್ತಾರೆ. ಬಸ್ಸಿಗೆ ಬ್ರೇಕು ಬಿತ್ತೇ ಹೊರತು ಅವರಿಗೆ ಬೀಳಲಿಲ್ಲವಲ್ಲ, ಹೋಗುತ್ತಿದ್ದ ಮೈ ಹೋಗುತ್ತಲೇ ಇರುತ್ತದೆ. ಹಾಲೂ ಹಾಗೆಯೇ, ಹಿಡಿದುಕೊಳ್ಳಲು ಕಂಬಿಯಿಲ್ಲದ ಪ್ರಯಾಣಿಕ. ಟ್ಯಾಂಕು ಕಂಠಪೂರ್ತಿ ತುಂಬಿದ್ದರೆ ಅದಕ್ಕೆ ಅಲುಗಾಡಲು ಜಾಗವಿಲ್ಲ. ಅರ್ಧ ತುಂಬಿದ್ದರೆ ಗಾಡಿ ನಿಂತ ಮೇಲೂ ಒಳಗೆ ಹತ್ತು ಟನ್ನು ಓಡಿ ಬಂದು ಮುಂದಿನ ಗೋಡೆಗೆ ಗುದ್ದುತ್ತದೆ. ತೊಳೆಯಲು ಸುಲಭವಾಗಲೆಂದು ಹಾಲಿನ ಟ್ಯಾಂಕಿನೊಳಗೆ ಅಡ್ಡಗೋಡೆಯನ್ನೂ ಇಟ್ಟಿರುವುದಿಲ್ಲ. ರಸ್ತೆ ಒದ್ದೆಯಾಗಿದ್ದರೆ ಮುಗಿಯಿತು ಕತೆ.

ಅಪಘಾತದ ದಿನ ಮೊದಲು ಆ ಗಾಡಿ ಅಕ್ಕನ ಪಾಲಿಗೆ ಬಂದಿತ್ತು. ಉಳಿದ ಹಾಲು ಬರುವ ತನಕ ಕಾಯಲು ಅವಸರದಪ್ಪ ತಯಾರಿರಲಿಲ್ಲ. ಅರ್ಧ ಗಾಡಿ ನಾನು ಒಯ್ಯುವುದಿಲ್ಲ ಎಂದು ಅವಳು ಬೀಗದ ಕೈ ಮೇಜಿನ ಮೇಲೆ ಎಸೆದು ಹೋಗಿದ್ದಳು. ಅವಳು ಎಸೆದ ಅದೇ ಬೀಗದ ಕೈಯನ್ನು ಅವಸರದಪ್ಪ, ಕೆಲಸಕ್ಕೆ ಸೇರಿ ಎಂಟು ದಿನವಾಗಿದ್ದ, ಅಲ್ಲಿಯವರೆಗೆ ಬರೀ ಸಿಮೆಂಟ್ ಮೂಟೆ ಸಾಗಿಸಿದ್ದ ಅವಳ ತಮ್ಮನ ಕೈಗಿಟ್ಟ. ಇದನ್ನು ನೆನೆದಾಗಲೆಲ್ಲ ಅವಳಿಗೆ ಅವಸರದಪ್ಪನ ಮೇಲಿನ ಸಿಟ್ಟು ಯಾವುದು, ತನ್ನ ಮೇಲಿನದು ಯಾವುದು ಎಂದೇ ತಿಳಿಯುತ್ತಿರಲಿಲ್ಲ.

ಕೊನೆಗೂ ವಿಚಾರಣೆಯ ಅಧಿಕಾರಿ ಡಿಪೋಗೆ ಬಂದ ದಿನ ಅಕ್ಕ ತಮ್ಮನನ್ನು ಎಳೆದುಕೊಂಡೇ ಬಂದಳು. ಅವಸರದಪ್ಪ ಎಲ್ಲರೆದುರು ತನ್ನ ಹಳೆಯ ರಾಗ ತೆಗೆದ.

"ಬ್ರೇಕ್ ಒತ್ತಿದ್ರೆ ಗಾಡಿ ನಿಲ್ಲತ್ತೆ ಸಾರ್. ಗಾಡಿ ನಿಂತಮೇಲೆ ಒಳಗಿರೋದೂ ನಿಂತಂಗೇ. ನಾನೂ ಇಪ್ಪತ್ತು ವರ್ಷ ಲಾರಿ ಓಡಿಸಿದವನೇ."

"ಹಾಗಾದ್ರೆ ಓಡಿಸಿ ತೋರಿಸಿ ಸಾರ್," ಎಂದಳು ಅಕ್ಕ. "ಅದೇ ಟ್ಯಾಂಕರು. ಅರ್ಧ ನೀರು ತುಂಬಿಸ್ತೀನಿ, ನೆಲ ಒದ್ದೆ ಮಾಡ್ತೀನಿ. ಆ ಬಿಳಿ ಗೆರೆ ಹತ್ರ ನಿಲ್ಲಿಸಿ, ಸಾಕು. ಗೆರೆ ಆಚೆ ಮೂರು ಹೆಜ್ಜೆಗೆ ನಿಮ್ಮ ಹೊಸ ಕಾರು ತಂದಿಡ್ತೀರಾ?"

ಸುತ್ತ ನಿಂತ ಡ್ರೈವರುಗಳು ಮುಸಿಮುಸಿ ನಕ್ಕರು. ಇಷ್ಟು ಜನರ ಮುಂದೆ ಹಿಂದೆ ಸರಿದರೆ ಮೀಸೆಗೆ ಬೆಲೆ ಎಲ್ಲಿಯದು? ಅವಸರದಪ್ಪ ತಾನೇ ಹೋಗಿ ಕಾರು ತಂದು ನಿಲ್ಲಿಸಿದ. ಪಾಪ, ಅವನು ತನ್ನ ಮಾತನ್ನು ನಿಜವಾಗಿ ನಂಬಿದ್ದ. ಟ್ಯಾಂಕರಿಗೆ ಅರ್ಧ ನೀರು ತುಂಬಿ, ನೆಲವನ್ನೂ ಒದ್ದೆ ಮಾಡಿದ್ದಾಯಿತು. ಅಧಿಕಾರಿ ಅಂಗಳದಿಂದ ಎಲ್ಲರನ್ನೂ ಗೋಡೆಯ ಪಕ್ಕಕ್ಕೆ ಸರಿಸಿ, ಸ್ಟೀರಿಂಗ್ ಹಿಡಿದು ಕೂತ ಅವಸರದಪ್ಪನ ಪಕ್ಕದ ಸೀಟಿಗೆ ಅಕ್ಕನನ್ನು ಹತ್ತಿಸಿದರು.

"ನೀವು ಅವರ ಕಾಲನ್ನೇ ನೋಡ್ತಿರಿ," ಎಂದರು.

ಅಕ್ಕ ಮುಂದಕ್ಕೆ ನೋಡಲೇ ಇಲ್ಲ. ಕರಿ ಬೂಟು ಬ್ರೇಕಿನ ಮೇಲೆ ಇಳಿಯಿತು, ಒತ್ತಿತು, ಗಾಡಿ ಗೆರೆಯ ಮೇಲೆ ಸರಿಯಾಗಿ ನಿಂತಿತು. ಅವಸರದಪ್ಪ ಅವಳ ಕಡೆ ತಿರುಗಿ ಹಲ್ಲು ಕಿರಿದ. ಅವನ ಬಾಯಿ ಇನ್ನೂ ಮುಚ್ಚಿರಲಿಲ್ಲ, ಬೆನ್ನ ಹಿಂದೆ ಧಡ್ ಎಂದು ನೀರು ಬಂದು ಬಡಿಯಿತು. ಬೂಟು ಪೆಡಲನ್ನು ಪೂರ್ತಿ ತುಳಿದೇ ಇತ್ತು, ಚಕ್ರ ಉರುಳಲಿಲ್ಲ. ಉರುಳದ ಚಕ್ರದ ಮೇಲೇ ಗಾಡಿ ಜಾರಿ ಹೋಗಿ ಹೊಸ ಕಾರಿನ ಹಿಂಭಾಗವನ್ನು ಹಪ್ಪಳ ಮಾಡಿತು.

ಅವಸರದಪ್ಪ ಕೆಳಗಿಳಿದ. ಅಧಿಕಾರಿ ಬೇಕೆಂತಲೇ ಕೇಳಿದರು, "ಏನ್ರೀ, ಕಾಲು ತೆಗೆದುಬಿಟ್ರಾ?"

"ಇಲ್ಲ ಸಾರ್! ದೇವರಾಣೆ ಇಲ್ಲ! ಇವಳು ನೋಡಿದಾಳೆ, ಕೇಳಿ ಬೇಕಾದ್ರೆ. ಹೇಳಮ್ಮಾ, ನಾನು ಕಾಲು ತೆಗೀಲಿಲ್ಲ ಅಂತ ಹೇಳಮ್ಮಾ."

ತೆಗೆದ ಎಂದು ಅಕ್ಕ ಒಂದೇ ಮಾತು ಹೇಳಿದರೆ ಸಾಕಿತ್ತು. ಮಾಡದ ತಪ್ಪನ್ನು ಹೊತ್ತು ತಿರುಗುವುದು ಎಂದರೇನೆಂದು ಅವನಿಗೂ ಗೊತ್ತಾಗುತ್ತಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂತು, ಎಂಥ ಸಿಹಿಯಾಗಿತ್ತು ಅದು! ಆದರೆ ಅದನ್ನು ಹೇಳಿದರೆ ಗೋಡೆಗೆ ಒರಗಿ ನಿಂತಿದ್ದ ತಮ್ಮ ಸಾಯುವ ತನಕ ಹಾಗೇ ಒರಗಿ ನಿಲ್ಲಬೇಕಾಗುತ್ತಿತ್ತು.

"ನನಗಲ್ಲ ಸಾರ್, ಅಲ್ಲಿ ನಿಂತಿದಾನಲ್ಲ, ಅವನಿಗೆ ಹೇಳಿ," ಎಂದಳು. "ಜೋರಾಗಿ ಹೇಳಿ."

ಅವಸರದಪ್ಪ ತಮ್ಮನ ಕಡೆ ತಿರುಗಿದ. "ನಾನು ಬ್ರೇಕ್ ಬಿಡಲಿಲ್ಲಪ್ಪಾ. ಒತ್ತಿಕೊಂಡೇ ಇದ್ದೆ. ಆದ್ರೂ ಹೋಯ್ತು."

"ನಿಜ ಸಾರ್," ಎಂದಳು ಅಕ್ಕ ಅಧಿಕಾರಿಗೆ. "ಇವರು ಕಾಲು ತೆಗೀಲಿಲ್ಲ. ನಾನೇ ಸಾಕ್ಷಿ, ಬರ್ಕೊಳ್ಳಿ. ಅವತ್ತು ಅರ್ಧ ತುಂಬಿಸಿ ಕಳಿಸಿದವರೂ ಇವರೇ, ಅದನ್ನೂ ಬರ್ಕೊಳ್ಳಿ."

ಅವಸರದಪ್ಪನ ಮುಖ ಕರಿಗಟ್ಟುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಅವಳಿಗೆ ಒಂದಿಷ್ಟೂ ಕನಿಕರ ಹುಟ್ಟಲಿಲ್ಲ.

ತಮ್ಮ ಒದ್ದೆ ನೆಲದಲ್ಲೇ ಕುಸಿದು ಕೂತ. "ಪಾಪ, ಆ ಪೋಸ್ಟ್‌ಮ್ಯಾನ್ ನನ್ನನ್ನೇ ನೋಡ್ತಿದ್ದ ಅಕ್ಕಾ. ಗಾಡಿ ನಿಂತಿದೆ ಅಂತಲೇ ಅವನು ದಾಟಿದ್ದು," ಎಂದು ಹೋ ಎಂದು ಅತ್ತ. ನಾಲ್ಕು ತಿಂಗಳಿಂದ ತನ್ನ ಕಾಲಿನೊಂದಿಗೇ ಜಗಳವಾಡುತ್ತಿದ್ದವನಿಗೆ ಸತ್ತವನಿಗಾಗಿ ಅಳಲು ಪುರುಸೊತ್ತೇ ಸಿಕ್ಕಿರಲಿಲ್ಲ.

ಅವಸರದಪ್ಪ ಹತ್ತಿರ ಬಂದು ಅವನ ಭುಜದ ಕಡೆ ಕೈ ಚಾಚಿದ. ಅಕ್ಕ ಆ ಕೈಯನ್ನು ತಳ್ಳಿದಳು.

"ಮುಟ್ಟಬೇಡಿ ಅವನನ್ನ," ಎಂದಳು.